ಮನೆಯ ವಿದ್ಯುನ್ಮಂಡಲಗಳೂ ಅವುಗಳ ಕಾವಲೂ

1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಾಗ, ಶಿವನಸಮುದ್ರದಲ್ಲಿ ಹುಟ್ಟಿದ ಆ ಶಕ್ತಿಗೆ ಮನೆಗಳಲ್ಲಿದ್ದ ಕೆಲಸ ಬಹುಮಟ್ಟಿಗೆ ಬೆಳಕು ಕೊಡುವುದೊಂದೇ. ಈಗ ಅದು ನೀರು ಕಾಯಿಸುತ್ತದೆ, ಹಿಟ್ಟು ರುಬ್ಬುತ್ತದೆ, ಅಡಿಗೆಯನ್ನೂ ಮಾಡುತ್ತದೆ. ಕೆಲಸ ಬೆಳೆದಷ್ಟು ಬೇಗ ಗೋಡೆಯೊಳಗಣ ತಂತಿ ಬೆಳೆಯಲಿಲ್ಲ. ಇದರಿಂದ ಹುಟ್ಟುವ ಒಂದು ಪ್ರಶ್ನೆಯನ್ನು ಈ ದಿನ ವಿಚಾರ ಮಾಡೋಣ. ಮನೆಯ ಎರಡು ಮಂಡಲಗಳನ್ನು, ಎಂದರೆ ಸರ್ಕ್ಯೂಟುಗಳನ್ನು, ಒಂದೇ ಬ್ರೇಕರಿಗೆ ಸೇರಿಸಬಹುದೆ? ನಿಯಮ ಏನು ಹೇಳುತ್ತದೆ?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ಅಡಿಗೆಮನೆಯಲ್ಲಿ 16 ಆಂಪಿಯರಿನ ಎರಡು ಸಾಕೆಟ್ಟುಗಳಿದ್ದುವು. ಮಹಡಿಯ ಮೇಲೆ ಕೋಣೆಯೊಂದನ್ನು ಕಟ್ಟಿಸಿದಾಗ ಅಲ್ಲಿಯೂ ಅಂಥವೇ ಎರಡನ್ನು ಇರಿಸಿದೆವು. ಹಲಗೆಯಲ್ಲಿ ಖಾಲಿ ಸ್ಥಳವಿರಲಿಲ್ಲವಾಗಿ, ಕೆಲಸದವನು ಹೊಸ ತಂತಿಯನ್ನು ಅಡಿಗೆಮನೆಯ ಬ್ರೇಕರಿಗೇ ಸೇರಿಸಿ ಹೋದನು. ಕೆಲವು ತಿಂಗಳು ತೊಂದರೆಯಿರಲಿಲ್ಲ. ಒಂದು ಹಬ್ಬದ ಬೆಳಿಗ್ಗೆ ಕೆಳಗೆ 2000 ವಾಟಿನ ಒಲೆ, 1000 ವಾಟಿನ ಕೆಟಲು. ಮೇಲೆ ನೀರು ಕಾಯಿಸುವ 1500 ವಾಟಿನ ರಾಡು, 1000 ವಾಟಿನ ಇಸ್ತ್ರಿಪೆಟ್ಟಿಗೆ, ಎಲ್ಲವೂ ಒಮ್ಮೆಗೆ ನಡೆದುವು. ಬ್ರೇಕರು ಬಿದ್ದಿತು, ಎತ್ತಿದರೆ ಮತ್ತೆ ಬಿದ್ದಿತು. ಕೆಲಸದವನನ್ನು ಕರೆಸಿದೆವು. "ಮೂವತ್ತೆರಡರದು ಹಾಕಿಬಿಡೋಣ ಸ್ವಾಮಿ, ಇನ್ನು ಬೀಳೋದೇ ಇಲ್ಲ" ಎಂದನು. ಅವನ ಮಾತು ನಿಜವೇ, ಅಪಾಯವಿದ್ದುದೂ ಅದರಲ್ಲಿಯೇ.

ನಿಯಮದ ದೃಷ್ಟಿಯಲ್ಲಿ ಮಂಡಲವನ್ನು ನಿರ್ಣಯಿಸುವುದು ಕೋಣೆಯಲ್ಲ, ಮಹಡಿಯಲ್ಲ, ತಂತಿಯ ಬಣ್ಣವೂ ಅಲ್ಲ, ಕಾವಲು. ಒಂದು ಬ್ರೇಕರಿನ ಕಾವಲಿನಲ್ಲಿರುವುದೆಲ್ಲವೂ ಒಂದೇ ಮಂಡಲ. ಆದಕಾರಣ ಎರಡನ್ನು ಸೇರಿಸಿದೆವೆಂದರೆ, ಎರಡು ಮಂಡಲಗಳು ಒಂದು ಬ್ರೇಕರನ್ನು ಹಂಚಿಕೊಂಡಂತಲ್ಲ. ಅವು ಎರಡಾಗಿ ಉಳಿಯಲೇ ಇಲ್ಲ. ಲೆಕ್ಕವನ್ನು ಕೂಡಿಸಿಯೇ ನೋಡತಕ್ಕದ್ದು. ಮನೆಯ ತಂತಿಗಳ ಕೆಲಸವನ್ನು ಕುರಿತ ಭಾರತೀಯ ಮಾನಕ 732, ತನ್ನ 1989ರ ಆವೃತ್ತಿಯಲ್ಲಿ, ದೀಪ, ಪಂಖ, ಸಣ್ಣ ಸಾಕೆಟ್ಟುಗಳ ಒಂದು ಮಂಡಲಕ್ಕೆ ಒಟ್ಟು 10 ಪಾಯಿಂಟು, 800 ವಾಟು ಎಂದು ಮಿತಿಯಿಟ್ಟಿತು. ಪವರ್ ಮಂಡಲಕ್ಕೆ ಸಾಮಾನ್ಯವಾಗಿ 3000 ವಾಟು. 16 ಆಂಪಿಯರಿನ ಸಾಕೆಟ್ಟುಗಳು ಎರಡಕ್ಕೆ ಮೀರಕೂಡದು. ಆ ಮಾನಕ 2019ರಲ್ಲಿ ಪರಿಷ್ಕೃತವಾಯಿತು. ಆದರೆ ಇಂಥ ಮಿತಿಯ ಹಿಂದಣ ನ್ಯಾಯ ಹಳತಾಗತಕ್ಕದ್ದಲ್ಲ. ನಮ್ಮ ಮನೆಯಲ್ಲಿ ಬಿಡಿಬಿಡಿಯಾಗಿ ನೋಡಿದರೆ 3000, 2500, ಎರಡೂ ಸರಿಯೇ. ಕೂಡಿಸಿದರೆ ನಾಲ್ಕು ಸಾಕೆಟ್ಟು, 5500 ವಾಟು. 230 ವೋಲ್ಟಿನಲ್ಲಿ ಇದು ಸುಮಾರು 24 ಆಂಪಿಯರು.

ಬ್ರೇಕರು ಇಷ್ಟನ್ನು ಒಡನೆಯೇ ತಡೆಯುವುದಿಲ್ಲ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದುಂಟು. ಅದು ಕಾದು ಬಾಗಿದ ಮೇಲೆಯೇ ಬೀಗ ಕಳಚುತ್ತದೆ. ಗೃಹೋಪಯೋಗದ ಬ್ರೇಕರು ತನ್ನ ಮೇಲೆ ಬರೆದ ಅಂಕಿಯ 1.45 ಪಟ್ಟು ಪ್ರವಾಹಕ್ಕೆ ಒಂದು ಗಂಟೆಯೊಳಗೆ ಬೀಳಬೇಕೆಂಬುದು ಅದರ ಪರೀಕ್ಷೆ. ಹದಿನಾರರದು 23.2 ಆಂಪಿಯರಿಗೆ ಬೀಳುತ್ತದೆ, ಮೂವತ್ತೆರಡರದಾದರೆ 46.4 ಆಗಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಭಾರವು ಎರಡು ತಂತಿಗಳಿಗೆ ಹಂಚಿಹೋಗಿದೆಯಲ್ಲ, ಯಾವ ತಂತಿಗೆ ಏನು ಕೇಡು? ಆ ಬೆಳಿಗ್ಗೆಯ ಮಟ್ಟಿಗೆ ಮಾತು ಸರಿ. ಆದರೆ ಭಾರ ಯಾವ ತಂತಿಯಲ್ಲಿದೆಯೆಂಬುದನ್ನು ಬ್ರೇಕರು ಅರಿಯದು. ಅದು ಮೊತ್ತವನ್ನು ಮಾತ್ರ ಬಲ್ಲುದು. ನಾಳೆ ಮೇಲಣ ಕೋಣೆಯ ಸಾಕೆಟ್ಟಿಗೇ ಯಾರಾದರೂ ಉದ್ದ ಹಲಗೆಯೊಂದನ್ನು ಸಿಕ್ಕಿಸಿ ಎಲ್ಲವನ್ನೂ ನಡೆಸಬಹುದು. ಅಲ್ಲಿಯ ಸಣ್ಣ ತಂತಿ 15 ಆಂಪಿಯರು ತಾಳುವುದೆಂದು ಇಟ್ಟುಕೊಳ್ಳೋಣ. ಅದರಲ್ಲಿ 30 ಹರಿದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂವತ್ತೆರಡರ ಬ್ರೇಕರು ಅದನ್ನು ದಿನವೆಲ್ಲ ಬಿಡುತ್ತದೆ. ಮೇಲುಹೊದಿಕೆ ಸುಡುವುದು ಗೋಡೆಯೊಳಗೆ. ನಮಗೆ ಕಾಣುವ ಹೊತ್ತಿಗೆ ಅದು ಬೆಂಕಿ. ಹಿಂದೆ ಪಿಂಗಾಣಿ ಫ್ಯೂಸಿಗೆ ಎರಡೆಳೆ ತಂತಿ ಹೊಸೆದು ಹಾಕುತ್ತಿದ್ದವರೂ ಇದೇ ತಪ್ಪನ್ನು ಮಾಡುತ್ತಿದ್ದರು. ಬ್ರೇಕರಿನ ಅಂಕಿಯನ್ನು ನಿಶ್ಚಯಿಸತಕ್ಕದ್ದು ಅದರ ಕೆಳಗಿರುವ ಅತಿ ಸಣ್ಣ ತಂತಿ, ನಮ್ಮ ಅಗತ್ಯವಲ್ಲ.

ಆದುದರಿಂದ, ಸೇರಿಸಬಹುದೆ ಎಂಬ ಪ್ರಶ್ನೆಗೆ ಉತ್ತರವಿಷ್ಟು: ಕೂಡಿದ ಲೆಕ್ಕ ಒಂದು ಮಂಡಲದ ಮಿತಿಯೊಳಗಿದ್ದು, ಅಂಕಿ ಸಣ್ಣ ತಂತಿಗೆ ತಕ್ಕದ್ದಾಗಿದ್ದರೆ ಸೇರಿಸಬಹುದು, ಇಲ್ಲವಾದರೆ ಬೇರೆ ಬ್ರೇಕರೇ ಬೇಕು, ಅದರೊಡನೆ ಬೇರೆ ನ್ಯೂಟ್ರಲ್ ತಂತಿಯೂ ಬೇಕು. ಇನ್ನೊಂದು ಮಾತು: ಈ ಬ್ರೇಕರು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ದೇಹಕ್ಕೆ ಆಂಪಿಯರಿನ ಸಣ್ಣ ಅಂಶವೇ ಮಾರಕ. ಮನುಷ್ಯನ ರಕ್ಷಣೆಗೆ 30 ಮಿಲಿಆಂಪಿಯರಿನ ಸೋರಿಕೆಗೆ ಕಳಚುವ ಆರ್.ಸಿ.ಸಿ.ಬಿ. ಎಂಬ ಬೇರೊಂದು ಸಾಧನವಿದೆ.

ನಾವು ಹಲಗೆಯನ್ನು ದೊಡ್ಡದು ಮಾಡಿಸಿ ಮಹಡಿಗೆ ಬೇರೆ ಮಂಡಲವನ್ನೇ ಎಳೆಯಿಸಿದೆವು. ಶ್ರೋತೃಗಳು ಬಿಡುವಾದಾಗ ತಮ್ಮ ಮನೆಯ ಬ್ರೇಕರುಗಳನ್ನು ಒಂದೊಂದಾಗಿ ಇಳಿಸಿ, ಯಾವುದಕ್ಕೆ ಯಾವ ದೀಪ, ಯಾವ ಸಾಕೆಟ್ಟು ನಿಂತಿತೆಂದು ಬರೆದು ಹಲಗೆಯ ಬಾಗಿಲಿಗೆ ಅಂಟಿಸಲಿ. ಮುಚ್ಚಳ ತೆಗೆಯುವುದು ಮಾತ್ರ ಪರವಾನಗಿಯುಳ್ಳವನ ಕೆಲಸ. ಆ ಪಟ್ಟಿಯನ್ನು ಅವನ ಕೈಗೆ ಕೊಟ್ಟು, ತಂತಿಯ ಗಾತ್ರವನ್ನು ಮೊದಲು ನೋಡೆಂದು ಹೇಳಿದರೆ, ಮೂವತ್ತೆರಡರ ಮಾತು ಬರಲಾರದು.