ವೈಯಾವೃತ್ಯ ಮತ್ತು ಸ್ವಯಂಸೇವೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಪೂರ್ವಭಾವಿಯಾಗಿ ಬಸದಿಯ ಆವರಣದಲ್ಲಿ ಜರುಗಿದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)

 

ಗರ್ಭಾವತರಣದಿಂದ ಮೋಕ್ಷಕಲ್ಯಾಣದವರೆಗೆ ಐದು ದಿನಗಳ ಕಾಲ ನಮ್ಮೂರು ಪುಣ್ಯಕ್ಷೇತ್ರವಾಗಲಿದೆ. ಮಂತ್ರವಿಧಿಗಳನ್ನು ಪ್ರತಿಷ್ಠಾಚಾರ್ಯರು ನೋಡಿಕೊಳ್ಳುವರು. ಧನವನ್ನು ದಾನಿಗಳು ಇತ್ತಿರುವರು. ಬಂದವರಿಗೆ ನೀರು ಕೊಡುವ, ವೃದ್ಧರ ಕೈಹಿಡಿದು ಮೆಟ್ಟಿಲು ಹತ್ತಿಸುವ, ಪಂಕ್ತಿಯಲ್ಲಿ ಬಡಿಸುವ, ಎಲೆ ತೆಗೆಯುವ ಕೆಲಸ ನಿಮ್ಮದು. ಈ ಕೆಲಸದ ಕುರಿತು ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನನ್ನ ಮಾತಿನ ಅರ್ಧಭಾಗ ಸ್ವಯಂಸೇವಕರಿಗೆ ಸಲ್ಲತಕ್ಕದ್ದು. ಉಳಿದರ್ಧ ಅವರನ್ನು ಕರೆದಿರುವ ನನ್ನಂಥ ಹಿರಿಯರಿಗೆ.

ನಮಗೆ ಸೇವೆಯ ವಿಚಾರ ಹೊಸತಲ್ಲ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಸ್ವಾಧ್ಯಾಯ, ಧ್ಯಾನಗಳ ಸಾಲಿನಲ್ಲಿಯೇ ನಮ್ಮ ಆಚಾರ್ಯರು ಶುಶ್ರೂಷೆಯನ್ನೂ ಇರಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತವನ್ನು ವೈಯಾವೃತ್ಯವೆಂದೇ ಕರೆದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ವರ್ಗಗಳನ್ನು ಹೇಳುತ್ತಾರೆ. ಅವರಲ್ಲಿ ಆಚಾರ್ಯರು, ಉಪಾಧ್ಯಾಯರು ಇದ್ದಾರೆ, ರೋಗಪೀಡಿತರಾದ ಗ್ಲಾನರಿದ್ದಾರೆ, ಈಗತಾನೇ ಕಲಿಯುತ್ತಿರುವ ಶೈಕ್ಷರೂ ಇದ್ದಾರೆ. ಇದು ಮುನಿಸಂಘವನ್ನು ಕುರಿತ ಮಾತಾದರೂ ಅದರ ತಿರುಳು ಶ್ರಾವಕರಿಗೂ ಸಲ್ಲುತ್ತದೆ. ಕಿರಿಯರು ಹಿರಿಯರ ಸೇವೆ ಮಾಡಿದರೆ ಸಾಲದು. ಕಲಿಯಲು ಬಂದವನ ಯೋಗಕ್ಷೇಮವನ್ನು ಹಿರಿಯರು ನೋಡುವುದೂ ವೈಯಾವೃತ್ಯವೇ ಆಗಿದೆ.

ಇದನ್ನು ಮರೆತರೆ ಏನಾಗುತ್ತದೆ? ೧೯೦೧ರಲ್ಲಿ ಕಲಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಗಾಂಧೀಜಿಯವರು ಅಲ್ಲಿ ಕಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಬ್ಬ ಸ್ವಯಂಸೇವಕನಿಗೆ ಹೇಳಿದ ಕೆಲಸವನ್ನು ಅವನು ಇನ್ನೊಬ್ಬನಿಗೆ ಒಪ್ಪಿಸುತ್ತಿದ್ದ. ಆ ಇನ್ನೊಬ್ಬ ಮತ್ತೊಬ್ಬನಿಗೆ. ಕಡೆಗೆ ಕೆಲಸ ಹಾಗೆಯೇ ಉಳಿಯುತ್ತಿತ್ತು. ಶೌಚಾಲಯಗಳ ಹೊಲಸನ್ನು ತೋರಿಸಿದಾಗ ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹೇಳಿದರು. ಗಾಂಧೀಜಿ ತಾವೇ ಪೊರಕೆ ಹಿಡಿದರು. ಆದರೆ ಅವರು ಆ ತರುಣರನ್ನು ಹಳಿದು ಸುಮ್ಮನಾಗಲಿಲ್ಲ. ವರ್ಷಕ್ಕೆ ಮೂರು ದಿನ ಎಚ್ಚೆತ್ತು ಉಳಿದ ಕಾಲವೆಲ್ಲ ಮಲಗುವ ಸಂಸ್ಥೆಯಲ್ಲಿ ಯಾರಿಗೆ ತಾನೇ ಶಿಕ್ಷಣ ದೊರೆತೀತು ಎಂಬುದು ಅವರ ವಿಚಾರವಾಗಿತ್ತು.

ಆ ಕೊರತೆಯನ್ನು ನೀಗಿಸಲು ಮುಂದಾದವರಲ್ಲಿ ಪ್ರಮುಖರು ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು. ೧೯೨೩ರಲ್ಲಿ ಕಾಕಿನಾಡ ಅಧಿವೇಶನದ ಸಂದರ್ಭದಲ್ಲಿ ಹಿಂದೂಸ್ತಾನಿ ಸೇವಾದಳದ ಸ್ಥಾಪನೆಯಾಯಿತು. ಮರುವರ್ಷ, ೧೯೨೪ರ ಡಿಸೆಂಬರಿನಲ್ಲಿ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ಸೇವಾದಳದವರು ಅಲ್ಲಿ ದುಡಿದರು. ಕವಾಯತು, ಶಿಸ್ತು, ಹಂಚಿಕೊಟ್ಟ ಹೊಣೆ ಇವು ಸೇವಾದಳದ ಪದ್ಧತಿಯಾಗಿದ್ದವು. ಸೇವೆಗೆ ಶ್ರದ್ಧೆಯಂತೆ ಅಭ್ಯಾಸವೂ ಬೇಕೆಂಬುದನ್ನು ಆ ಪದ್ಧತಿ ತೋರಿಸಿಕೊಟ್ಟಿತು.

ಪರರ ತಪ್ಪನ್ನು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ಸಲ್ಲದು. ಅನೇಕ ವರ್ಷಗಳ ಹಿಂದೆ ಬೇರೊಂದು ಊರಿನ ಪ್ರತಿಷ್ಠೆಯಲ್ಲಿ ಭೋಜನಶಾಲೆಯ ಹೊಣೆ ನನ್ನದಾಗಿತ್ತು. ಕೊನೆಯ ಪಂಕ್ತಿ ಎದ್ದಾಗ ಹೊತ್ತು ಮುಳುಗಿತ್ತು. ಪಂಕ್ತಿಯಿಂದ ಪಂಕ್ತಿಗೆ ಬಡಿಸುತ್ತಿದ್ದ ಹನ್ನೆರಡು ಹುಡುಗರು ಉಂಡಿರಲಿಲ್ಲ. ರಾತ್ರಿಭೋಜನವನ್ನು ತ್ಯಜಿಸಿದ್ದ ಆ ಮಕ್ಕಳು ಒಂದು ಮಾತನ್ನೂ ಆಡದೆ ಪಾತ್ರೆ ತೊಳೆದಿಟ್ಟು ಮಲಗಿದರು. ನಾನಾದರೋ ಎರಡನೆಯ ಪಂಕ್ತಿಯಲ್ಲಿಯೇ ಉಂಡಿದ್ದೆ. ಮರುದಿನ ಬೆಳಿಗ್ಗೆ ಅವರಲ್ಲೊಬ್ಬ ಬವಳಿ ಬಂದು ಬಿದ್ದಾಗಲೇ ಸಂಗತಿ ನನಗೆ ತಿಳಿದದ್ದು. ಮುಂದಿನ ವರ್ಷದ ವಾರ್ಷಿಕೋತ್ಸವಕ್ಕೆ ಆ ಹನ್ನೆರಡು ಮಂದಿಯಲ್ಲಿ ಮೂವರು ಮಾತ್ರ ಬಂದರು. ಈಗಿನ ಹುಡುಗರಲ್ಲಿ ಶ್ರದ್ಧೆ ಕಡಿಮೆಯಾಯಿತೆಂದು ಸಮಿತಿಯಲ್ಲಿ ಮಾತು ಬಂತು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಕಡಿಮೆಯಾದದ್ದು ಯಾವುದೆಂದು ನನಗೆ ಗೊತ್ತಿತ್ತು.

ಆದುದರಿಂದ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು. ಪ್ರತಿಯೊಬ್ಬ ಸ್ವಯಂಸೇವಕನಿಗೂ ಅವನ ಕೆಲಸ ಯಾವುದು, ಸ್ಥಳ ಯಾವುದು, ವೇಳೆ ಯಾವುದು ಎಂಬುದನ್ನು ಬರೆದುಕೊಡಿರಿ. ಅವನಿಗೆ ಅಪ್ಪಣೆ ಕೊಡುವವರು ಒಬ್ಬರೇ ಇರಲಿ. ಹತ್ತು ಮಂದಿ ಹತ್ತು ಕಡೆಗೆ ಕರೆದರೆ ಅವನು ಎಲ್ಲಿಗೂ ಸಲ್ಲಲಾರ. ಹೊಸಬನನ್ನು ಅನುಭವಿಯೊಬ್ಬನ ಜೊತೆಗಿರಿಸಿರಿ. ಬಡಿಸುವವರಿಗೆ ಹಗಲಿರುವಾಗಲೇ ಪ್ರತ್ಯೇಕ ಪಂಕ್ತಿ ನಡೆಯಲಿ. ಅದನ್ನು ಸಮಿತಿಯ ಹಿರಿಯರೇ ಬಡಿಸಲಿ. ಹೆಣ್ಣುಮಕ್ಕಳನ್ನು ಅಡುಗೆಯ ಮನೆಗೆ ಮಾತ್ರ ಸೀಮಿತಗೊಳಿಸದೆ ಲೆಕ್ಕಪತ್ರ, ಸ್ವಾಗತ, ಚಿಕಿತ್ಸಾ ವಿಭಾಗಗಳ ಹೊಣೆಯನ್ನೂ ಕೊಡಿರಿ. ಕೂಲಿಯವರಿಗೆ ಸಲ್ಲಬೇಕಾದ ಹಣವನ್ನು ಉಳಿಸುವ ಉಪಾಯವಾಗಿ ಸ್ವಯಂಸೇವೆಯನ್ನು ಬಳಸಬೇಡಿರಿ. ಹಾಗೆ ಮಾಡಿದರೆ ಕೂಲಿಯವನಿಗೂ ಸೇವಕನಿಗೂ ಅನ್ಯಾಯವಾದೀತು. ಕಲಶದ ಸವಾಲು ಹಿಡಿದವರ ಹೆಸರನ್ನು ವೇದಿಕೆಯಲ್ಲಿ ಓದುವಾಗ ಎಲೆ ತೆಗೆದವರ ಹೆಸರನ್ನೂ ಓದಿರಿ.

ತರುಣ ಮಿತ್ರರಿಗೂ ಒಂದು ಮಾತು. ನಿಮಗೆ ಬೇರೆ ಕೈಪಿಡಿ ಬೇಡ. ಮುನಿಗಳ ಐದು ಸಮಿತಿಗಳನ್ನು ಯಥಾಶಕ್ತಿ ನೆನೆದರೆ ಸಾಕು. ಈರ್ಯಾಸಮಿತಿ: ಜನಸಂದಣಿಯಲ್ಲಿ ಓಡಬೇಡಿರಿ, ನೆಲ ನೋಡಿ ನಡೆಯಿರಿ. ಭಾಷಾಸಮಿತಿ: ಸಾಲು ತಪ್ಪಿದವರನ್ನು ಗದರಿಸದೆ ಹಿತಮಿತವಾಗಿ ತಿಳಿಹೇಳಿರಿ. ಏಷಣಾಸಮಿತಿ: ನೀರನ್ನು ಸೋಸಿರಿ, ಅನ್ನದ ಶುದ್ಧಿಯನ್ನು ನೋಡಿರಿ. ಆದಾನ ನಿಕ್ಷೇಪಣ ಸಮಿತಿ: ಎತ್ತಿಕೊಂಡ ವಸ್ತುವನ್ನು ಅದರ ಸ್ಥಳದಲ್ಲಿಯೇ ಮರಳಿ ಇಡಿರಿ. ಉತ್ಸರ್ಗಸಮಿತಿ: ಎಂಜಲು ಕಸಗಳನ್ನು ಜೀವಹಿಂಸೆಯಾಗದಂತೆ, ನೆರೆಯವರಿಗೆ ತೊಂದರೆಯಾಗದಂತೆ ವಿಲೇವಾರಿ ಮಾಡಿರಿ. ಒಪ್ಪಿಕೊಂಡ ಕೆಲಸ ಆಗದಿದ್ದರೆ ಮೊದಲೇ ಹೇಳಿರಿ. ಹೇಳದೆ ಮರೆಯಾಗುವುದು ಸತ್ಯವ್ರತಕ್ಕೆ ಕುಂದು.

ಐದು ದಿನಗಳ ಬಳಿಕ ಆರನೆಯ ದಿನವೊಂದು ಬರುತ್ತದೆ. ಚಪ್ಪರ ಬಿಚ್ಚುತ್ತಾರೆ, ಬಂದ ಬಂಧುಗಳು ಹಿಂದಿರುಗುತ್ತಾರೆ. ಅಂದು ಸ್ವಯಂಸೇವಕರನ್ನು ಕೂರಿಸಿಕೊಂಡು ಎಲ್ಲಿ ತೊಡಕಾಯಿತು, ಯಾರಿಗೆ ನೋವಾಯಿತು ಎಂದು ಕೇಳೋಣ; ಹೇಳಿದ್ದನ್ನು ಬರೆದಿಡೋಣ. ಬಳಿಕ ಮಕ್ಕಳ ಧರ್ಮಪಾಠ, ಬಸದಿಯ ಗ್ರಂಥಗಳ ರಕ್ಷಣೆ, ಒಂಟಿಯಾಗಿರುವ ವೃದ್ಧರ ಆರೈಕೆ ಇವುಗಳಲ್ಲಿ ಒಂದೊಂದನ್ನು ಅವರವರ ಬಿಡುವಿಗೆ ತಕ್ಕಂತೆ ಹಂಚಿಕೊಡೋಣ. ವಾರಕ್ಕೆ ಒಂದು ಗಂಟೆಯಾದರೂ ಸಾಕು. ಹೀಗೆ ಮಾಡದಿದ್ದರೆ ಬಿಂಬದ ಪ್ರತಿಷ್ಠೆ ಆದೀತು. ಪ್ರತಿನಿತ್ಯ ಬಸದಿಯ ಬಾಗಿಲು ತೆರೆಯುವ ಕೈಗಳು ಮುಂದೊಂದು ದಿನ ಇಲ್ಲದಾದಾವು.

ಕೊನೆಗೆ ನೀವೆಲ್ಲ ಬಲ್ಲ ಗುಳ್ಳಕಾಯಜ್ಜಿಯನ್ನು ನೆನೆಯುತ್ತೇನೆ. ಚಾವುಂಡರಾಯನ ಅಷ್ಟೊಂದು ಹಾಲಿನಿಂದ ಪೂರ್ಣವಾಗದ ಗೊಮ್ಮಟೇಶ್ವರನ ಅಭಿಷೇಕ ಆಕೆಯ ಗುಳ್ಳಕಾಯಿಯ ಹಾಲಿನಿಂದ ಪೂರ್ಣವಾಯಿತೆಂದು ಐತಿಹ್ಯ. ಆಕೆಯ ಭಕ್ತಿಯನ್ನು ನಾವು ಕೊಂಡಾಡುತ್ತೇವೆ. ಆ ದಿನ ಬಡ ಮುದುಕಿಯೊಬ್ಬಳಿಗೆ ಮೇಲೇರಲು ಯಾರೋ ದಾರಿ ಬಿಟ್ಟಿರಲೇಬೇಕು, ಅವರನ್ನೂ ನೆನೆಯೋಣ. ಚಿಕ್ಕ ಗುಳ್ಳಕಾಯಿ ಹಿಡಿದು ನಮ್ಮ ಬಸದಿಯ ಬಾಗಿಲಿಗೆ ಬರುವವರಿಗೆ ದಾರಿ ಬಿಡುವುದು, ಅವರಿಗೊಂದು ಸ್ಥಾನ ತೋರಿಸುವುದು, ಅವರು ಉಂಡರೇ ಎಂದು ಕೇಳುವುದು ನಮ್ಮೆಲ್ಲರ ಪಾಲಿನ ಸೇವೆಯಾಗಲಿ.