ಅರ್ಜಿ ಯಾರ ಮೇಜಿನ ಮೇಲಿದೆ?

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಸೇರಿದಾಗೆಲ್ಲ ಉಳಿತಾಯ, ಸಾಲ ಮರುಪಾವತಿ, ಫ್ಲೋರೈಡ್ ನೀರು, ಬಾರದ ಮಳೆ ಇವುಗಳ ಬಗ್ಗೆಯೇ ಮಾತಾಡ್ತೀವಿ. ಇವತ್ತು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಕಾರಣ ಇದೆ. ಸಂಘದ ಪುಸ್ತಕದಲ್ಲಿ ‘ಸಾಲದ ಉದ್ದೇಶ’ ಅನ್ನೋ ಕಾಲಂ ಇರುತ್ತಲ್ಲ, ಅಲ್ಲಿ ಹಿಂದೆ ಹಸು, ಕುರಿ, ಕಡ್ಲೆಕಾಯಿ ಬೀಜ, ಮದುವೆ ಅಂತ ಬರೆಯುತ್ತಿದ್ದೆವು. ಈಗ ಅಲ್ಲೊಂದು ಇಲ್ಲೊಂದು ಕಡೆ ‘ಮಗಳ ವೀಸಾ’, ‘ಮಗನ ಫಾರಿನ್ ಅರ್ಜಿ’ ಅಂತ ಬರೆಯುವುದು ಶುರುವಾಗಿದೆ. ನರ್ಸಿಂಗ್ ಓದಿದ ಹೆಣ್ಣುಮಕ್ಕಳು, ಐಟಿಐ ಮಾಡಿದ ಫಿಟ್ಟರ್, ಎಲೆಕ್ಟ್ರಿಷಿಯನ್ ಹುಡುಗರು, ಇಂಜಿನಿಯರಿಂಗ್ ಮುಗಿಸಿದವರು ಬೆಂಗಳೂರಿನ ಆಚೆಗೂ ನೋಡುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ದುಡಿದು ಕಲಿತ ಕಸುಬಿಗೆ ಒಳ್ಳೆ ಸಂಬಳ ಸಿಗುವ ಕಡೆ ಹೋಗುವುದು ಅವರ ಹಕ್ಕು.

ನನ್ನ ಚಿಂತೆ ಹೋಗುವುದರ ಬಗ್ಗೆ ಅಲ್ಲ. ಅರ್ಜಿ ಹಾಕಿದ ದಿನಕ್ಕೂ ಉತ್ತರ ಬರುವ ದಿನಕ್ಕೂ ನಡುವೆ ಇರುವ ಕಾಲದ ಬಗ್ಗೆ. ಮನೆ ಮುರಿಯುವುದು ಆ ನಡುವಿನ ತಿಂಗಳುಗಳಲ್ಲಿ.

ಒಬ್ಬ ತಾಯಿ ನನ್ನನ್ನು ಕೇಳಿದರು: “ನಮ್ಮ ಹುಡುಗಿ ಇಂಗ್ಲೆಂಡಿಗೆ ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಯ್ತು. ಕೇಳಿದಾಗೆಲ್ಲ ಪ್ರೋಸೆಸಿಂಗ್ ಅಂತಾರೆ. ಈ ಪ್ರೋಸೆಸಿಂಗ್ ಅಂದ್ರೆ ಏನು?” ಬಹಳ ಒಳ್ಳೆಯ ಪ್ರಶ್ನೆ. ಆ ಒಂದು ಮಾತಿನ ಹಿಂದೆ ಹತ್ತು ವಿಷಯ ಅಡಗಿರುತ್ತವೆ. ಅರ್ಜಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ಇರಬಹುದು, ಕೆಲಸ ಕೊಡುವ ಆಸ್ಪತ್ರೆಯವರ ಹತ್ತಿರ ಇರಬಹುದು, ಆ ದೇಶದ ಸರ್ಕಾರದ ಮೇಜಿನ ಮೇಲೆ ಇರಬಹುದು. ಇಲ್ಲವೇ ಎಲ್ಲೂ ಹೋಗದೆ ಏಜೆಂಟನ ಚೀಲದಲ್ಲೇ ಇರಬಹುದು. ಯಾರ ಮೇಜಿನ ಮೇಲಿದೆ ಅಂತ ತಿಳಿಯದೆ ಕಾಯಬೇಡಿ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಇಂಗ್ಲೆಂಡಿನ ವಿಷಯವನ್ನೇ ತಗೊಳ್ಳೋಣ. ಹೊರದೇಶದಿಂದ ಹಾಕಿದ ನುರಿತ ಕೆಲಸಗಾರರ ವೀಸಾ ಅರ್ಜಿಗೆ, ಗುರುತು ತೋರಿಸಿ ದಾಖಲೆ ಕೊಟ್ಟ ಮೇಲೆ, ಸಾಮಾನ್ಯವಾಗಿ 3 ವಾರದಲ್ಲಿ ತೀರ್ಮಾನ ಹೇಳುತ್ತೇವೆ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಹಾಗಾದರೆ ಹದಿನಾಲ್ಕು ತಿಂಗಳು? ಅಷ್ಟು ಕಾಲ ಅರ್ಜಿ ಸರ್ಕಾರದ ಮೇಜಿನ ಮೇಲೆ ಇರುವುದು ಬಹಳ ಅಪರೂಪ. ಬಹುಶಃ ಅದಕ್ಕಿಂತ ಹಿಂದಿನ ಯಾವುದೋ ಮೆಟ್ಟಿಲಲ್ಲಿ ನಿಂತಿದೆ. ಇಂಗ್ಲಿಷ್ ಪರೀಕ್ಷೆ ಆಗಬೇಕು, ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ಪರೀಕ್ಷೆ ಆಗಬೇಕು, ಆಮೇಲೆ ಕೆಲಸ ಕೊಡುವವರು ಪ್ರಾಯೋಜನೆಯ ಪತ್ರ ಕೊಡಬೇಕು. ಈ ಪತ್ರ ಇಲ್ಲದೆ ವೀಸಾ ಅರ್ಜಿಯನ್ನೇ ಹಾಕಲು ಬರುವುದಿಲ್ಲ. ಪತ್ರ ಕೊಡಲು ಪರವಾನಗಿ ಇರುವ ಆಸ್ಪತ್ರೆ, ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ನಿಮ್ಮ ಮನೆಯ ಕಾಲೇಜು ಹುಡುಗನ ಮೊಬೈಲ್‌ನಲ್ಲೇ ನೋಡಬಹುದು. ಆ ಪತ್ರದ ಖರ್ಚನ್ನು ನೌಕರರ ತಲೆಗೆ ಹಾಕಬಾರದು ಅಂತ 2024ರ ಡಿಸೆಂಬರ್ 31ರಿಂದ ಅಲ್ಲಿ ನಿಯಮ ಬಂದಿದೆ. ಆದ್ದರಿಂದ ‘ಸ್ಪಾನ್ಸರ್ ಪತ್ರಕ್ಕೆ ಇಷ್ಟು ಲಕ್ಷ’ ಅಂತ ಕೇಳಿದರೆ ಎದ್ದು ಬನ್ನಿ.

ಅರ್ಜಿ ನಿಜವಾಗಿ ಹೋಗಿದೆಯೋ ಇಲ್ಲವೋ ಅಂತ ತಿಳಿಯುವುದು ಕಷ್ಟವೇನಲ್ಲ. ಅರ್ಜಿ ಸಂಖ್ಯೆ ಇರಬೇಕು. ಶುಲ್ಕ ಕಟ್ಟಿದ ರಸೀದಿ ಇರಬೇಕು. ಬ್ರಿಟನ್, ಕೆನಡಾ ದೇಶಗಳಿಗೆ ಬೆರಳಚ್ಚು, ಫೋಟೋ ಕೊಟ್ಟ ದಾಖಲೆ ಇರಬೇಕು. ಈ ಕಾಗದಗಳಲ್ಲಿ ಒಂದೂ ತೋರಿಸದೆ ‘ಮೇಲಿನವರ ಹತ್ತಿರ ಇದೆ’ ಅಂದರೆ ಮೇಲೆ ಯಾರೂ ಇಲ್ಲ ಅಂತಲೇ ತಿಳಿಯಬೇಕು. ಅರ್ಜಿಗೆ ಕೊಡುವ ಇ-ಮೇಲ್ ವಿಳಾಸ, ಫೋನ್ ನಂಬರ್ ಮಗಳದ್ದೇ ಆಗಿರಲಿ. ಏಜೆಂಟನ ಇ-ಮೇಲ್ ಕೊಟ್ಟರೆ ಬಂದ ಉತ್ತರವೂ ಅವನಿಗೇ ಹೋಗುತ್ತದೆ, ಅವನು ಹೇಳಿದ್ದೇ ನಮಗೆ ಸುದ್ದಿ.

ಇನ್ನು ಸರ್ಕಾರದ ಮೇಜಿನ ಮೇಲೇ ನಿಜವಾಗಿ ವರ್ಷಗಟ್ಟಲೆ ಕುಳಿತ ಅರ್ಜಿಗಳೂ ಇವೆ. ಅಮೆರಿಕದಲ್ಲಿ ಕೆಲಸದ ಮೇಲೆ ಕೊಡುವ ಕಾಯಂ ವಾಸದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇಕಡ 7ಕ್ಕಿಂತ ಹೆಚ್ಚು ಇಲ್ಲ. 1990ರ ಕಾನೂನಿನ ಲೆಕ್ಕ ಅದು. ನಮ್ಮಷ್ಟು ದೊಡ್ಡ ದೇಶಕ್ಕೂ ಅಷ್ಟೇ, ತುಮಕೂರು ಜಿಲ್ಲೆಗಿಂತ ಚಿಕ್ಕ ದೇಶಕ್ಕೂ ಅಷ್ಟೇ. ಹಾಗಾಗಿ ಭಾರತದ ಇಂಜಿನಿಯರ್‌ಗಳು, ನರ್ಸ್‌ಗಳ ಸಾಲು ಹತ್ತು ವರ್ಷವನ್ನೂ ಮೀರಿ ಬೆಳೆದಿದೆ. ಅಲ್ಲೇ ಕೆಲಸ ಮಾಡುತ್ತಾ ಕಾಯುತ್ತಿರುವ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳಿಗೆ 21 ತುಂಬಿ, ತಂದೆಯ ಅರ್ಜಿಯಿಂದ ಮಕ್ಕಳು ಹೊರಬೀಳುವ ಭಯ ಇದೆ.

ಕೆನಡಾದಲ್ಲಿ ಇನ್ನೊಂದು ತರಹ ಆಯಿತು. ಅಲ್ಲಿ ನುರಿತ ಕೆಲಸಗಾರರ ಅರ್ಜಿಗಳು ರಾಶಿ ಬಿದ್ದಿದ್ದವು. 2012ರಲ್ಲಿ ಆ ಸರ್ಕಾರ ಕಾನೂನು ಮಾಡಿ, 2008ರ ಫೆಬ್ರವರಿ 27ಕ್ಕೆ ಮುಂಚೆ ಹಾಕಿ ಇನ್ನೂ ತೀರ್ಮಾನವಾಗದಿದ್ದ ಅರ್ಜಿಗಳನ್ನು ರದ್ದು ಮಾಡಿಬಿಟ್ಟಿತು. ಮನೆಮಂದಿ ಸೇರಿ ಸುಮಾರು 2,80,000 ಜನರ ಅರ್ಜಿ. ಸರ್ಕಾರಿ ಶುಲ್ಕ ವಾಪಸ್ ಕೊಟ್ಟರು. ಕಾದ ವರ್ಷಗಳನ್ನು ಯಾರು ಕೊಡ್ತಾರೆ? 2015ರ ಜನವರಿಯಿಂದ ಅಲ್ಲಿ ಬೇರೆ ಪದ್ಧತಿ ಬಂತು. ಅದು ಸಾಲು ಅಲ್ಲ, ಅಂಕಪಟ್ಟಿ. ಮೊದಲು ಬಂದವರಿಗೆ ಮೊದಲು ಅನ್ನೋದು ಇಲ್ಲ. ಭಾಷೆ, ಓದು, ಅನುಭವ, ವಯಸ್ಸು ನೋಡಿ ಅಂಕ ಕೊಟ್ಟು ಮೇಲಿನವರನ್ನು ಕರೆಯುತ್ತಾರೆ. 29 ವರ್ಷದವರೆಗೆ ವಯಸ್ಸಿಗೆ ಪೂರ್ತಿ ಅಂಕ, 30ರಿಂದ ಇಳಿಯುತ್ತಾ ಹೋಗಿ 45ಕ್ಕೆ ಸೊನ್ನೆ. ಅಂದರೆ ಅಲ್ಲಿ ಸುಮ್ಮನೆ ಕಾಯುವವರು ಮುಂದೆ ಹೋಗುವುದಿಲ್ಲ, ಹಿಂದಕ್ಕೆ ಬರ್ತಾರೆ. ‘ಹೆಸರು ಹಾಕಿದೀವಿ, ಸರದಿ ಬರುತ್ತೆ’ ಅಂತ ಏಜೆಂಟ್ ಹೇಳಿದರೆ ಆ ಮಾತು ಸುಳ್ಳು.

ನಿಯಮ ನಡುವೆಯೇ ಬದಲಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಹೇಳ್ತೀನಿ. ಬ್ರಿಟನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಆರೈಕೆ ಕೆಲಸಕ್ಕೆ ನಮ್ಮಿಂದ ಬಹಳ ಜನ ಹೋದರು. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ ಅಂದರು. 2025ರ ಜುಲೈ 22ರಿಂದ ಹೊರದೇಶದಿಂದ ಆ ಕೆಲಸಕ್ಕೆ ಹೊಸಬರನ್ನು ತಗೊಳ್ಳುವುದನ್ನೇ ನಿಲ್ಲಿಸಿದರು. ಅಷ್ಟರೊಳಗೆ ದುಡ್ಡು ಕೊಟ್ಟು ಕೂತಿದ್ದವರ ಪಾಡು ನೀವೇ ಊಹಿಸಿ.

ದುಡ್ಡಿನ ಮಾತಿಗೆ ಬರ್ತೀನಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ನಮಗೆ ಚಿಕ್ಕದಾಗಿ ಕೇಳುತ್ತೆ. 3 ಲಕ್ಷ ಕೈಸಾಲ ಎತ್ತಿದರೆ ತಿಂಗಳಿಗೆ 9,000. ವರ್ಷಕ್ಕೆ 1,08,000. ಪಾವಗಡದ ಅಣ್ಣಂದಿರು ಇದನ್ನು ಹೀಗೆ ನೋಡಿ. ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಐದು ಎಕರೆ ಕೊಟ್ಟವರಿಗೆ ಆಗ ಬಂದದ್ದು 1,05,000. ಈ ಬಡ್ಡಿ ಅದಕ್ಕಿಂತ 3,000 ಜಾಸ್ತಿ! ಐದು ಎಕರೆಯ ಬಿಸಿಲನ್ನೆಲ್ಲ ಮಾರಿದರೂ ಮೂರು ಲಕ್ಷದ ಬಡ್ಡಿ ತೀರಲಿಲ್ಲ ಅಂದ ಹಾಗಾಯಿತು. ಅಸಲು ಹಾಗೇ ಇದೆ. ಒಂದೂವರೆ ವರ್ಷ ‘ಪ್ರೋಸೆಸಿಂಗ್’ ಆದರೆ ಬಡ್ಡಿಯೇ 1,62,000.

ಅದಕ್ಕೇ ಕೈಯಲ್ಲಿ ಕಾಗದ ಬರುವ ಮುಂಚೆ ದೊಡ್ಡ ಸಾಲ ಬೇಡ. ಪರೀಕ್ಷೆ ಶುಲ್ಕ, ಪಾಸ್‌ಪೋರ್ಟ್ ಖರ್ಚು ಇವಕ್ಕೆ ಸಂಘದ ಸಣ್ಣ ಸಾಲ ಸಾಕು. ಜಮೀನು ಬರೆದುಕೊಡುವುದು, ಒಡವೆ ಇಡುವುದು ಬೇಡವೇ ಬೇಡ. ನಮ್ಮ ದೇಶದಲ್ಲಿ ನೋಂದಾಯಿತ ಏಜೆಂಟ್ ತನ್ನ ಸೇವೆಗೆ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಹೊರದೇಶದ ಕೆಲಸಕ್ಕೆ ಜನ ಸೇರಿಸುವುದೇ ಅಪರಾಧ. ನೋಂದಣಿ ಇದೆಯೋ ಇಲ್ಲವೋ ಅನ್ನುವುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಬಹುದು. ನಮ್ಮ ರಾಜ್ಯ ಸರ್ಕಾರದ ಕೌಶಲ್ಯ ಅಭಿವೃದ್ಧಿ ನಿಗಮದಲ್ಲೂ ಹೊರದೇಶಕ್ಕೆ ಹೋಗುವವರಿಗಾಗಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಅಲ್ಲಿ ಕೇಳುವ ಮುಂಚೆ ಖಾಸಗಿಯವರ ಬಾಗಿಲಿಗೆ ಹೋಗುವುದು ಯಾಕೆ?

ಪಾಸ್‌ಪೋರ್ಟನ್ನು ‘ಭದ್ರವಾಗಿರುತ್ತೆ’ ಅಂತ ಏಜೆಂಟರ ಬಳಿ ಬಿಟ್ಟು ಬರುವವರಿದ್ದಾರೆ. ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಆಸ್ತಿ. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಏಜೆಂಟನಿಗೂ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅಸಲು ಪ್ರತಿಯೂ ಅಷ್ಟೇ, ಜೆರಾಕ್ಸ್ ಕೊಡಿ.

ಕೊಲ್ಲಿ ದೇಶಗಳ ಕಥೆ ಬೇರೆ, ಚುಟುಕಾಗಿ ಹೇಳಿಬಿಡ್ತೀನಿ. ಅಲ್ಲಿಗೆ ಕೆಲಸದ ಒಪ್ಪಂದ ಪತ್ರ, ಕೆಲಸದ ವೀಸಾ ಎರಡೂ ಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸೋಣ ಅಂದರೆ ಒಪ್ಪಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಆ ದೇಶಗಳಿಗೆ ಹೋಗಲು ವಲಸೆ ಅನುಮತಿ ಬೇಕು. ಜೊತೆಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 275 ರೂಪಾಯಿಗೆ ಎರಡು ವರ್ಷ 10 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಅದನ್ನು ಬಿಡಬೇಡಿ.

ಈಗ ನಮ್ಮ ಕೈಯಲ್ಲೇ ಇರುವ ವಿಷಯ. ಅರ್ಜಿ ತಡವಾಗಲು ಒಂದು ದೊಡ್ಡ ಕಾರಣ ನಮ್ಮ ಹೆಸರುಗಳು. ನಗಬೇಡಿ! ತಂದೆ ಹನುಮಂತರಾಯಪ್ಪ, ಮಗಳು ಭಾಗ್ಯಮ್ಮ ಅಂತಿಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ‘ಭಾಗ್ಯಮ್ಮ ಎಚ್.’, ಆಧಾರ್‌ನಲ್ಲಿ ಬರೀ ‘ಭಾಗ್ಯ’, ನರ್ಸಿಂಗ್ ನೋಂದಣಿಯಲ್ಲಿ ‘ಎಚ್. ಭಾಗ್ಯಮ್ಮ’, ಪಾಸ್‌ಪೋರ್ಟಿನಲ್ಲಿ ‘ಭಾಗ್ಯಮ್ಮ ಹನುಮಂತರಾಯಪ್ಪ’. ನಮ್ಮೂರಲ್ಲಿ ಇವರೆಲ್ಲ ಒಬ್ಬಳೇ. ಕಡತ ನೋಡುವ ಅಧಿಕಾರಿಗೆ ನಾಲ್ಕು ಜನ. ನಮ್ಮಲ್ಲಿ ಊರಿನ ಹೆಸರೂ ಇನಿಷಿಯಲ್ ಆಗುತ್ತೆ, ಅಪ್ಪನ ಹೆಸರೂ ಆಗುತ್ತೆ. ಅವರಿಗೆ ಬೇಕಾದದ್ದು ಒಂದು ಸರ್‌ನೇಮ್. ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲು ಕಾಣಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅರ್ಜಿ ಹಾಕಿದ ಮೇಲಲ್ಲ, ಮುಂಚೆಯೇ ಆಗಬೇಕಾದ ಕೆಲಸ.

ಜನನ ಪ್ರಮಾಣಪತ್ರದ್ದು ಇನ್ನೊಂದು ತೊಡಕು. ಹೆರಿಗೆ ಎಲ್ಲಿ ಆಯಿತೋ ಅಲ್ಲಿಯೇ ಜನನ ನೋಂದಣಿ. ಪಾವಗಡದವರ ತವರು ಮಡಕಶಿರಾ, ಹಿಂದೂಪುರದ ಕಡೆ ಇದ್ದರೆ, ಮೊದಲ ಹೆರಿಗೆಯೂ ಅಲ್ಲೇ ಆಗಿದ್ದರೆ, ಪತ್ರ ಆಂಧ್ರದಿಂದಲೇ ಬರಬೇಕು. ಪಾವಗಡ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದರೂ ಸಿಗುವುದಿಲ್ಲ. ಮನೆಯಲ್ಲೇ ಹೆರಿಗೆಯಾಗಿ ನೋಂದಣಿಯೇ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಜೊತೆ ಉಪವಿಭಾಗದ ಮ್ಯಾಜಿಸ್ಟ್ರೇಟರನ್ನೂ ಹೆಸರಿಸಿದ್ದಾರೆ. ನಮ್ಮ ನಾಲ್ಕೂ ತಾಲ್ಲೂಕಿಗೆ ಉಪವಿಭಾಗಾಧಿಕಾರಿಗಳ ಕಚೇರಿ ಮಧುಗಿರಿಯಲ್ಲೇ ಇದೆ. ಅಲ್ಲಿಂದ ವಿಚಾರಣೆ ಶುರುಮಾಡಿ.

ಕಾಗದಕ್ಕೂ ಆಯಸ್ಸು ಇರುತ್ತೆ ಅನ್ನುವುದು ನೆನಪಿರಲಿ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ. ಕೆನಡಾಕ್ಕೆ ಮಾಡಿಸಿದ ವೈದ್ಯಕೀಯ ಪರೀಕ್ಷೆ ಒಂದು ವರ್ಷ. ಎಲ್ಲವನ್ನೂ ಮೊದಲೇ ಮಾಡಿಸಿಟ್ಟು ಕೂತರೆ ಕೇಳುವ ಹೊತ್ತಿಗೆ ಹಳತಾಗಿರುತ್ತದೆ. ಮುಂಗಾರಿಗೆ ಮುಂಚೆ ಹೊಲ ಉತ್ತು ಇಡ್ತೀವಿ, ಬೀಜ ಹದ ಮಾಡಿ ಇಡ್ತೀವಿ, ಆದರೆ ಮಳೆ ಬೀಳದೆ ಬಿತ್ತುವುದಿಲ್ಲ. ಹಾಗೇ ಇದು.

ಒಬ್ಬ ತಂಗಿ ಚೀಟಿ ಕಳಿಸಿದ್ದಾಳೆ: “ವೀಸಾ ಬರುತ್ತೆ ಅಂತ ಕೆಲಸ ಬಿಡು ಅಂತಾರೆ, ಬಿಡಲಾ?” ಬೇಡ ಕಣಮ್ಮ. ವಾರ್ಡಿನಲ್ಲಿ ದುಡಿಯುತ್ತಿರುವ ನರ್ಸಿಗೆ ಬೆಲೆ. ಮನೆಯಲ್ಲಿ ಕೂತ ಒಂದೊಂದು ವರ್ಷಕ್ಕೂ ಮುಂದೆ ಉತ್ತರ ಹೇಳಬೇಕಾಗುತ್ತೆ. ಜರ್ಮನಿಗೆ ಹೋಗುವ ಮನಸ್ಸಿದ್ದರೆ ಆ ಭಾಷೆ ಕಲಿಯದೆ ದಾರಿ ಇಲ್ಲ, ಕೆಲಸದ ಜೊತೆಗೇ ಕಲಿ. ಮದುವೆಯ ಮಾತನ್ನೂ ‘ವೀಸಾ ಬರಲಿ ನೋಡೋಣ’ ಅಂತ ಮೂರು ವರ್ಷ ತೂಗುಹಾಕುವ ತಂದೆತಾಯಿಗಳು ಇಲ್ಲಿದ್ದೀರಿ. ಹುಡುಗಿಯನ್ನೇ ಕೂರಿಸಿ ಕೇಳಿ. ಅವಳ ಬದುಕು ಅದು.

ಕೊನೆಯದಾಗಿ ಸುಳ್ಳು ಅನುಭವ ಪತ್ರ. ಕಾದು ಕಾದು ಬೇಸತ್ತಾಗ ಏಜೆಂಟ್ ಹೇಳ್ತಾನೆ, ಎರಡು ವರ್ಷದ ಅನುಭವ ಅಂತ ಒಂದು ಪತ್ರ ಮಾಡಿಸೋಣ, ಬೇಗ ಆಗುತ್ತೆ ಅಂತ. ಸಿಕ್ಕಿಬಿದ್ದರೆ ಕೆನಡಾದಲ್ಲಿ 5 ವರ್ಷ, ಬ್ರಿಟನ್‌ನಲ್ಲಿ 10 ವರ್ಷದವರೆಗೆ ಬಾಗಿಲು ಮುಚ್ಚುತ್ತದೆ. ಅರ್ಜಿಯ ಕೆಳಗೆ ಸಹಿ ಇರುವುದು ಹುಡುಗನದ್ದು, ಏಜೆಂಟನ ಹೆಸರು ಎಲ್ಲೂ ಇರುವುದಿಲ್ಲ. ನೇರವಾಗಿ ತಿರಸ್ಕಾರವಾದರೆ ಕಾರಣ ಬರೆದ ಪತ್ರ ಬರುತ್ತದೆ. ಅದನ್ನು ಇಟ್ಟುಕೊಂಡು, ಕೊರತೆ ಸರಿಪಡಿಸಿ ಮತ್ತೆ ಅರ್ಜಿ ಹಾಕಬಹುದು.

ಊಟದ ನಂತರ ಅರ್ಜಿ ಹಾಕಿರುವವರು, ಹಾಕಬೇಕೆಂದಿರುವವರು ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಇವುಗಳ ಜೆರಾಕ್ಸ್ ತೆಗೆದುಕೊಂಡು ಪಕ್ಕದ ಕೋಣೆಗೆ ಬನ್ನಿ. ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನಾಂಕ ಸರಿ ಇದೆಯಾ ಅಂತ ಒಟ್ಟಿಗೆ ಕೂತು ನೋಡೋಣ.