ಮರಿ ತಂದ ದಿನವೇ ಮದ್ದಿನ ಮಾತು
(ಹಾಲಹರವಿಯ ಕೂಲಿಕಾರರ ಕೂಟದಲ್ಲಿ ಮಾಡಿದ ಭಾಷಣ)



ಬಯಲಲ್ಲಿ ಮೇಯಿಸಿ ಮಾಂಸಕ್ಕೆ ಮಾರುವ ಕೋಳಿಯ ವಿಷಯ ಮಾತಾಡಬೇಕೆಂದು ಕೇಳಿದ್ದೀರಿ. ಈ ಕೆಲಸದಲ್ಲಿ ನಾವು ಮೊದಲು ಸೋತವರು. ಆದ್ದರಿಂದ ಸೋತದ್ದನ್ನೇ ಮೊದಲು ಹೇಳುತ್ತೇವೆ.

ಉಳಿತಾಯದ ಹಣದಿಂದ 5 ಮನೆಯವರು ಸೇರಿ 100 ಮರಿ ತಂದು, ಮನೆಗೆ 20ರಂತೆ ಹಂಚಿಕೊಂಡೆವು. ಎರಡು ತಿಂಗಳು ಚೆನ್ನಾಗಿ ಬೆಳೆದವು. ಆಮೇಲೆ ಒಂದು ಮನೆಯಲ್ಲಿ ಒಂದು ಕೋಳಿ ಹಸಿರು ಹಿಕ್ಕೆ ಹಾಕಿ, ಕುತ್ತಿಗೆ ತಿರುಚಿಕೊಂಡು ಬಿತ್ತು. ಕೊಕ್ಕರೆ ರೋಗ. ಹತ್ತು ದಿನದಲ್ಲಿ 5 ಮನೆಗಳಲ್ಲಿ ಉಳಿದದ್ದು 11. ಒಬ್ಬ ತಾಯಿ ಮಗಳ ಓದಿಗೆಂದು ಇಟ್ಟಿದ್ದ ದುಡ್ಡು ಅದರಲ್ಲಿ ಹೋಯಿತು. ಆ ಸಲ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವಾಗ ಆಯಮ್ಮ ಮಗಳನ್ನೂ ಕರೆದುಕೊಂಡು ಹೋದರು.

ಲಸಿಕೆ ಹಾಕಿಸಿರಲಿಲ್ಲವೇ ಎಂದು ಕೇಳುವಿರಿ. ಇಲ್ಲ. ಲಸಿಕೆಯ ಒಂದು ಸೀಸೆ 100 ಕೋಳಿಗೆ, ಕೆಲವು ಅದಕ್ಕೂ ಹೆಚ್ಚಿಗೆ ಆಗುತ್ತವೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಇಪ್ಪತ್ತು ಕೋಳಿಗೆ ಒಂದು ಸೀಸೆ ಯಾಕೆ ಒಡೆಯಬೇಕೆಂದು ಪ್ರತಿ ಮನೆಯೂ ಲೆಕ್ಕ ಹಾಕಿತು. ಮರಿ ಕೊಳ್ಳುವಾಗ ಒಟ್ಟಿಗಿದ್ದೆವು, ಮದ್ದು ಕೊಳ್ಳುವಾಗ ಬೇರೆಯಾದೆವು.

ಎರಡನೆಯ ಸಲ ಮರಿ ಬಂದ ದಿನವೇ ಮದ್ದಿನ ದಿನಗಳನ್ನು ಗೋಡೆಯ ಮೇಲೆ ಬರೆದೆವು. 5ರಿಂದ 7ನೆಯ ದಿನದೊಳಗೆ ಕಣ್ಣಿಗೆ ಒಂದು ಹನಿ ಲಸೋಟ. 14ನೆಯ ದಿನ ಗಂಬೋರೊ. 4ನೆಯ ವಾರ ಮತ್ತೆ ಲಸೋಟ. 8ನೆಯ ವಾರ ಚರ್ಮದ ಕೆಳಗೆ ಆರ್‌ಟುಬಿ ಸೂಜಿ. ಸೀಸೆಯನ್ನು ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿಯೇ ತರಬೇಕು; ಬಿಸಿಲಲ್ಲಿ ಜೇಬಿನಲ್ಲಿಟ್ಟು ತಂದರೆ ಬರೀ ನೀರು ಹಾಕಿದಂತೆ. ಐದು ಮನೆಯ ಮರಿಗಳನ್ನು ಬುಟ್ಟಿಯಲ್ಲಿ ಒಂದೇ ಕಟ್ಟೆಗೆ ತಂದು ಒಂದೇ ತಾಸಿನಲ್ಲಿ ಮುಗಿಸಿದೆವು.

ತಳಿಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳದವರು ಮಾಡಿದ ಗಿರಿರಾಜ, ಹೈದರಾಬಾದಿನ ಕೇಂದ್ರ ಸಂಸ್ಥೆಯ ವನರಾಜ, ಎರಡೂ ಬಯಲಿಗೆ ಒಗ್ಗುತ್ತವೆ. ಬ್ರಾಯ್ಲರ್ ಆರು ವಾರದಲ್ಲಿ 2 ಕಿಲೋ ತೂಗುತ್ತದೆ. ಇವಕ್ಕೆ ಹನ್ನೆರಡು ವಾರವಾದರೂ ಬೇಕು. ಬ್ರಾಯ್ಲರ್ ಅಂಗಡಿಯ ದರಕ್ಕೆ ಮಾರಿದರೆ ಕೂಲಿಯೂ ಗಿಟ್ಟದು. ಮೊದಲ ಮೂರು ನಾಲ್ಕು ವಾರ ಶೇಂಗಾ ಸಿಪ್ಪೆ ಹಾಸಿ, ಬಲ್ಬಿನ ಕಾವು ಕೊಟ್ಟು ಒಳಗೇ ಸಾಕಬೇಕು. ಮರಿ ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಕರೆಂಟು ಹೋದ ರಾತ್ರಿ ಯಾರಾದರೂ ಎದ್ದಿರಬೇಕು. ನಾವು ಒಂದು ರಾತ್ರಿ ಮಲಗಿ 6 ಮರಿ ಕಳೆದೆವು.

ಇನ್ನು ಬಯಲು. ನಮ್ಮಲ್ಲಿ ಹಲವರಿಗೆ ಹೊಲವಿಲ್ಲ. ಬಯಲೆಂದರೆ ಪರರ ಹೊಲವೇ. ಶೇಂಗಾ ಕಿತ್ತ ಹೊಲದಲ್ಲಿ ಮೇಯಿಸಲು ಇಬ್ಬರು ರೈತರನ್ನು ಕೇಳಿದೆವು. ಗೊಬ್ಬರ ಬೀಳುತ್ತದಲ್ಲಾ ಎಂದು ಒಬ್ಬರು ಒಪ್ಪಿದರು, ಇನ್ನೊಬ್ಬರು ಬೈದು ಕಳುಹಿಸಿದರು. ಹಕ್ಕಲು ಆಯುವ ಹೆಂಗಸರು ಮುಗಿಸಿದ ಮೇಲೆಯೇ ಕೋಳಿ ಬಿಟ್ಟೆವು; ಅವರ ಪಾಲು ಮೊದಲು. ಹತ್ತಿ ಹೊಲದ ಹತ್ತಿರ ಮಾತ್ರ ಬಿಡಬೇಡಿ. ಔಷಧ ಹೊಡೆದ ಗಿಡದ ಹುಳ ತಿಂದರೆ ಕೋಳಿಗೂ ವಿಷ, ತಿನ್ನುವವರಿಗೂ ಕೇಡು. ಹಳೆಯ ಗಡಿಗೆಯಲ್ಲಿ ಸೆಗಣಿ, ಗೋಣಿ ಚೂರು ತುಂಬಿ, ನೀರು ಚಿಮುಕಿಸಿ ಗೆದ್ದಲಿನ ಹತ್ತಿರ ಬೋರಲು ಹಾಕಿದರೆ ಬೆಳಿಗ್ಗೆಗೆ ಮೇವು ಸಿದ್ಧ. ಸಂಜೆ ಜೋಳವನ್ನೋ ನುಚ್ಚನ್ನೋ ಹಾಕಿ ಗೂಡಿಗೆ ಕರೆಯಬೇಕು. ಬೂಷ್ಟು ಹಿಡಿದ ಶೇಂಗಾ ಹಿಂಡಿ ಎಷ್ಟು ಅಗ್ಗವಾದರೂ ಬೇಡ.

ಮರಿಯನ್ನು ಸೆಪ್ಟೆಂಬರ್ ಕೊನೆಗೆ ತರಬೇಕು. ಕಾರ್ತಿಕದಲ್ಲಿ ಕೋಳಿ ಕೇಳುವವರು ಕಡಿಮೆ. ಆಗ ಅವು ಬೆಳೆಯುತ್ತಿರುತ್ತವೆ. ಕ್ರಿಸ್‌ಮಸ್‌ಗೆ ಮಾರಿ, ಜನವರಿಯಲ್ಲಿ ಗುಂಟೂರಿಗೆ ಹೋಗುವವರು ಹೋಗುವ ಮೊದಲೇ ಗೂಡು ಖಾಲಿಯಾಗಬೇಕು. 1953ರಲ್ಲಿ ಆಲೂರು ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಸೇರಿದರೂ ನಮಗೆ ಬಳ್ಳಾರಿಯ ಪೇಟೆ ತಪ್ಪಲಿಲ್ಲ. ಜವಾರಿ ರುಚಿ ಬಲ್ಲವರು ಅಲ್ಲಿಯೂ ಇದ್ದಾರೆ. ಆದರೆ ಕಣ್ಣಂದಾಜಿಗೆ ಮಾರಬೇಡಿ. ವ್ಯಾಪಾರಿಯ ಕೈ ತೂಕಕ್ಕಿಂತ ನಮ್ಮ ತಕ್ಕಡಿ ಮೇಲು. ಐದು ಮನೆಗೆ ಒಂದು ತಕ್ಕಡಿ ಸಾಕು.

ಆ ಸಲ 100ರಲ್ಲಿ 83 ಮಾರಿದೆವು. ಹದ್ದು, ಮುಂಗುಸಿ ತಮ್ಮ ಪಾಲು ತೆಗೆದುಕೊಂಡವು. ಆಯಮ್ಮ ಮಾತ್ರ ಈ ಸಲ ಸೇರಲಿಲ್ಲ. ಸಾಲ ಇನ್ನೂ ತೀರಿಲ್ಲ ಎನ್ನುತ್ತಾರೆ. ಮುಂದಿನ ಮರಿಯಲ್ಲಿ ಅವರ 20ರ ಹಣವನ್ನು ಕೂಟದಿಂದ ಹಾಕಬೇಕೆಂದು ನಮ್ಮ ಬೇಡಿಕೆ. ಅದನ್ನು ಇವತ್ತೇ ತೀರ್ಮಾನಿಸಿ. ಫ್ಲಾಸ್ಕು ನಮ್ಮ ಮನೆಯಲ್ಲಿದೆ.